ಓ ಅಂದವರು ಯಾರು

ಆ ದಿನದ ಫಲವನ್ನು ಅನುಭವಿಸಿದವಳು ನಿಂಗವ್ವ. ಪ್ರವಾಸ ಏರ್ಪಡಿಸಿದವರಲ್ಲ, ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡುತ್ತ ಮರಳಿದ ನಾವಲ್ಲ, ಮಂಗಕ್ಕೆ ಬಾಳೆಹಣ್ಣು ತೋರಿಸಿ ಫೋಟೋ ತೆಗೆಸಿಕೊಂಡವರೂ ಅಲ್ಲ. ಮುಂಬಯಿಯ ಭಾಂಡುಪಿನ ಗುಡ್ಡದ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಬಿಲ್ಡಿಂಗುಗಳಿಗೆ ಕೊಡುತ್ತಿದ್ದ ಅವಳ ಬಲಗೈಯ ಎರಡು ಬೆರಳುಗಳು ಮೂರು ವರ್ಷಗಳಿಂದ ನೆಟ್ಟಗಾಗಿಲ್ಲ. ರೊಟ್ಟಿ ಬಡಿಯಲು ಅಂಗೈ ಪೂರ್ತಿ ಬಿಚ್ಚಿಕೊಳ್ಳಬೇಕು, ಅವಳದು ಬಿಚ್ಚಿಕೊಳ್ಳುವುದಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆಯಾದರೆ ಸರಿಹೋಗಬಹುದೆಂದು ವೈದ್ಯರು ಹೇಳಿದ್ದಾರೆ. ಅದನ್ನು ಮಾಡಿಸಬೇಕಾದವರು ಹೊಣೆ ಹೊರಲು ಒಪ್ಪುತ್ತಿಲ್ಲ. ಒಪ್ಪದಿರುವುದಕ್ಕೆ ಅವರು ಮುಂದಿಡುವ ಆಧಾರ ಒಂದೇ ಒಂದು ಅಕ್ಷರ. ಆ ಅಕ್ಷರವನ್ನು ನಾನೂ ನನ್ನ ಕಿವಿಯಾರೆ ಕೇಳಿದ್ದೇನೆ ಎಂಬುದೇ ನನ್ನ ಸಂಕಟ.

ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ: ದೆವ್ವ, ಗಾಳಿ, ಶಕುನ ಇವುಗಳನ್ನು ನಾನು ನಂಬಿದವಳಲ್ಲ. ನಂಬದಿದ್ದುದಷ್ಟೇ ಅಲ್ಲ, ಅವುಗಳ ವಿರುದ್ಧ ಚಾಳುಗಳಲ್ಲಿ ಸಭೆ ನಡೆಸಿದವಳು, ಕರಪತ್ರ ಬರೆದು ಹಂಚಿದವಳು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂದು ಕಲಿಸಿದ ಶಾಲೆಯಲ್ಲಿ ಓದಿದೆ. ಮನೆಗೆಲಸ ಮಾಡುವ, ಅಡುಗೆ ಮಾಡುವ ಹೆಂಗಸರ ಸಂಘಟನೆಯಲ್ಲಿ ಇಪ್ಪತ್ತು ವರ್ಷ ಕಳೆದೆ. ವಿಚಿತ್ರ ಅನುಭವ ಹೇಳಿಕೊಂಡು ಬಂದವರಿಗೆ ನಾನು ನೀಡುತ್ತಿದ್ದ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು: ಆಯಾಸ, ಭಯ, ಕತ್ತಲೆ. ಈಗ ಆ ಮೂರನ್ನೂ ನನ್ನ ಮೇಲೆಯೇ ಹೊರಿಸಿ ನೋಡಿದ್ದೇನೆ. ಲೆಕ್ಕ ಕೂಡುತ್ತಿಲ್ಲ.

ನಿಂಗವ್ವ ಯಾದಗಿರಿ ಕಡೆಯವಳು, ನಮ್ಮ ಸಂಘಟನೆಯ ಸದಸ್ಯೆ. ಸಯನ್ನಿನ ಕನ್ನಡ ಕುಟುಂಬಗಳಿಗಾಗಿ ಒಂದು ದಿನದ ಪ್ರವಾಸಗಳನ್ನು ನಡೆಸುವ ಒಂದು ಖಾಸಗಿ ಸಂಸ್ಥೆಗೆ ಊಟ ಕಟ್ಟಿ ಬಡಿಸಲು ಒಬ್ಬರು ಬೇಕಾಗಿದ್ದರು. ಅವಳ ಹೆಸರು ಹೇಳಿ ಸೇರಿಸಿದವಳು ನಾನು. ಈ ಬರಹದಲ್ಲಿ ತಪ್ಪುಗಳನ್ನು ಹೆಸರಿಸುತ್ತ ಹೋಗುತ್ತೇನಾದ್ದರಿಂದ ನನ್ನದನ್ನೂ ಸೇರಿಸಬೇಕು: ಕೆಲಸದ ಷರತ್ತುಗಳನ್ನು ಬರಹದಲ್ಲಿ ಕೇಳಿ ಪಡೆಯಲಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ, "ಎರಡು ದೇವಸ್ಥಾನ, ಮಂಗಗಳ ಗುಡ್ಡ, ಸಂಜೆ ಮಿಂಚುಹುಳು" ಎಂಬ ಪ್ರವಾಸಕ್ಕೆ ಅವಳೇ ನನ್ನನ್ನು ಎಳೆದದ್ದು. "ಅಕ್ಕಾರ, ದಿನಾ ಮಂದೀ ಜಗಳಾ ಹೊತ್ತಕೊಂಡು ತಿರಗತೀರಿ. ಒಂದ್ ದಿನರ ಸುಮ್ನ ಕುಂದ್ರಬರ್ರಿ," ಅಂದಳು. ಆ ವಾರ ನಿಜಕ್ಕೂ ನನಗೆ ಬಹಳ ದಣಿವಾಗಿತ್ತು. ಹೋದೆ.

ಬೆಳಿಗ್ಗೆ ಸಯನ್ನಿನಿಂದ ಹೊರಟ ಬಸ್ಸಿನಲ್ಲಿ ನಾವು ಹದಿನೆಂಟು ಮಂದಿ. ಅಡುಗೆಯ ಪಾತ್ರೆಗಳು ಮತ್ತು ನಿಂಗವ್ವ ಹಿಂದಿನ ಟೆಂಪೋದಲ್ಲಿ. ಮುಲುಂಡಿನ ಶಿವನ ಗುಡಿಯಲ್ಲಿ ಪ್ರವಾಸಿಗಳ ಹೆಸರು, ನಕ್ಷತ್ರ ಕೇಳಿ ಅರ್ಚನೆ ಮಾಡಿಸಿದರು. ನಾನು ಹೆಸರು ಕೊಡಲಿಲ್ಲ, ಅದು ನನ್ನ ಆಯ್ಕೆ. ನಿಂಗವ್ವನ ಹೆಸರನ್ನು ಯಾರೂ ಕೇಳಲಿಲ್ಲ. ಅವಳನ್ನು ಚಪ್ಪಲಿಗಳ ಹತ್ತಿರ ಕಾವಲು ನಿಲ್ಲಿಸಿದ್ದರು. ದೇವರನ್ನು ನಂಬುವವಳು ಹೊರಗೆ, ನಂಬದ ನಾನು ಒಳಗೆ. ಈ ಮಾತನ್ನು ಪ್ರವಾಸದ ಮೇಲ್ವಿಚಾರಕ ರೋಹನನಿಗೆ ಹೇಳಿದೆ. ಅವನು ಸಂಸ್ಥೆಯ ಮಾಲೀಕರ ಅಣ್ಣನ ಮಗ, ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಒಳ್ಳೆಯ ಹುಡುಗನೇ. "ನೆಕ್ಸ್ಟ್ ಟೆಂಪಲ್‌ದಲ್ಲಿ ಅಡ್ಜಸ್ಟ್ ಮಾಡೋಣ ಆಂಟಿ," ಅಂದ. ಎರಡನೆಯ ಗುಡಿಯಲ್ಲೂ ಅವಳು ಚಪ್ಪಲಿಗಳ ಹತ್ತಿರವೇ ಇದ್ದಳು.

ಮಧ್ಯಾಹ್ನ ಗುಡ್ಡದ ಮೇಲಿನ ಸಣ್ಣ ಹನುಮಂತನ ಗುಡಿ. ಮೆಟ್ಟಿಲುಗಳ ತುಂಬ ಮಂಗಗಳು. ಆಹಾರ ಕೊಡಬಾರದೆಂಬ ಫಲಕ ಮರಾಠಿಯಲ್ಲೂ ಹಿಂದಿಯಲ್ಲೂ ಇತ್ತು. ಓದಲು ಬಾರದವರು ಯಾರೂ ಬಸ್ಸಿನಲ್ಲಿರಲಿಲ್ಲ. ಆದರೂ ಒಬ್ಬರು ಬಾಳೆಹಣ್ಣು ಎತ್ತಿ ಹಿಡಿದರು, ಇನ್ನೊಬ್ಬರು ಫೋನು ಹಿಡಿದರು. ಹಣ್ಣು ಸಿಗದ ಮಂಗ ರೊಟ್ಟಿಯ ಬುಟ್ಟಿಗೆ ಹಾರಿತು. ಬುಟ್ಟಿ ಬಿಡದ ನಿಂಗವ್ವನ ಅಂಗೈಯನ್ನು ಕಚ್ಚಿತು. ಎರಡು ಆಳವಾದ ಗಾಯಗಳು, ಬಹಳ ರಕ್ತ.

ಹಳೇ ಮೈಸೂರಿನ ಶ್ರೀಪಾದರಾಯರು, ಬ್ಯಾಂಕಿನಿಂದ ನಿವೃತ್ತರಾದವರು, ನಗಿಸಲೆಂದೇ ಅಂದರು: "ಆಂಜನೇಯಸ್ವಾಮಿ ಮುಟ್ಟಿದ ಕೈ ಕಣಮ್ಮಾ, ತೊಳ್ಕೋಬೇಡ."

"ಮುಟ್ಟಿದ್ರ ಸಾಕಿತ್ತರೀ ಅಜ್ಜಾರ, ಇಂವಾ ಊಟಾನ ಮಾಡ್ಯಾನ," ಅಂದಳು ನಿಂಗವ್ವ. ಎಲ್ಲರೂ ನಕ್ಕರು. ಅವಳ ತುಟಿ ಬೆಳ್ಳಗಾಗಿದ್ದುದನ್ನು ನಾನು ನೋಡಿದೆ.

ಮಂಗ ಕಚ್ಚಿದರೆ ತಡಮಾಡದೆ ಗಾಯ ತೊಳೆದು ಆಸ್ಪತ್ರೆಗೆ ಹೋಗಬೇಕು, ಚುಚ್ಚುಮದ್ದು ಹಾಕಿಸಬೇಕು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಟೆಂಪೋದಲ್ಲಿ ಅವಳನ್ನು ಈಗಲೇ ಕಳಿಸೆಂದು ರೋಹನನಿಗೆ ಹೇಳಿದೆ. "ಟೆಂಪೋ ಹೋದ್ರೆ ಸಂಜೆ ನಾಷ್ಟಾ ಯಾರು ತರೋದು ಆಂಟಿ? ಪೂರಾ ಗ್ರೂಪ್‌ದು ಪ್ರೋಗ್ರಾಮ್ ಖರಾಬ್ ಆಗುತ್ತೆ. ರಾತ್ರಿ ಪಕ್ಕಾ ಕರ್ಕೊಂಡು ಹೋಗ್ತೀನಿ," ಅಂದ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿಲ್ಲ. ನಾನೇ ಬಾಟಲಿಯ ನೀರಿನಲ್ಲಿ ತೊಳೆದು, ನನ್ನ ದುಪಟ್ಟಾ ಹರಿದು ಕಟ್ಟಿದೆ. ಜಗಳ ಮುಂದುವರಿಸಬಹುದಿತ್ತು; ರಿಕ್ಷಾ ಹುಡುಕಿ ಅವಳೊಂದಿಗೆ ನಾನೇ ಇಳಿದುಹೋಗಬಹುದಿತ್ತು. "ಇರಲಿ ಬಿಡ್ರಿ ಅಕ್ಕಾರ, ಕೆಲಸ ಹೋಗತೈತಿ," ಎಂದು ಅವಳೇ ನನ್ನ ಕೈ ಹಿಡಿದಳು. ನಾನು ಸುಮ್ಮನಾದೆ. ದಣಿದವರ ಮೌನವೂ ಯಾರದೋ ಪರವಾಗಿಯೇ ಕೆಲಸ ಮಾಡುತ್ತದೆ.

ಸಂಜೆ ಏಳರ ಹೊತ್ತಿಗೆ ಗುಡ್ಡದ ಹಿಂಬದಿಯ ಮರಗಳ ಗುಂಪಿಗೆ ಬಂದೆವು. ಬೆಳಕು ಬಿದ್ದರೆ ಮಿಂಚುಹುಳುಗಳು ಬರುವುದಿಲ್ಲವೆಂದು ಎಲ್ಲರ ಫೋನುಗಳನ್ನೂ ಚೀಲಕ್ಕೆ ಹಾಕಿಸಿಕೊಂಡರು. ನಾವು ಚಾಪೆಗಳ ಮೇಲೆ ಕುಳಿತೆವು. ನಿಂಗವ್ವನನ್ನು ಮೂವತ್ತು ಹೆಜ್ಜೆ ಹಿಂದೆ, ನೀರಿನ ಕ್ಯಾನಿನ ಹತ್ತಿರ, ಬೇರೆ ಕೂರಿಸಿದ್ದರು. ಉಳಿದ ಪಾತ್ರೆಗಳನ್ನು ಟೆಂಪೋಗೆ ಏರಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಒಂದು ಮರ ಒಳಗಿನಿಂದ ಉಸಿರಾಡುವಂತೆ ಹೊತ್ತಿ ಆರತೊಡಗಿತು. ನಂತರ ಇನ್ನೊಂದು. ಮುಲುಂಡಿನ ಕಟ್ಟಡಗಳ ದೀಪಗಳಿಂದ ಇಷ್ಟು ಹತ್ತಿರದಲ್ಲಿ ಇಂಥದೊಂದು ಇದೆಯೆಂದು ನನಗೆ ತಿಳಿದಿರಲಿಲ್ಲ. ಅರ್ಧ ಗಂಟೆ ನಾನು ನಿಂಗವ್ವನ ಕೈಯನ್ನು ಮರೆತೆ.

ಹೊರಡುವಾಗ ರೋಹನ್ ಕತ್ತಲಲ್ಲೇ ಹೆಸರು ಕರೆದ. ಕೂತಲ್ಲಿಂದಲೇ ಉತ್ತರಿಸಿ ಎಂದ. "ಹಾಂ," ಅಂದರು ಕೆಲವರು. "ಎಸ್," ಅಂದರು ಕೆಲವರು. "ಹಾಜಿರ್ ಹೂಂ ಸಾಹೇಬ್," ಅಂದರು ರಾಯರು. ನಾನು "ಇದ್ದೇನೆ" ಅಂದೆ. ಕೊನೆಗೆ "ನಿಂಗವ್ವಾ" ಎಂದು ಕರೆದ. ಉತ್ತರವಿಲ್ಲ. ಇನ್ನೊಮ್ಮೆ ಕರೆದ.

"ಓ."

ಸ್ಪಷ್ಟವಾಗಿ, ಸ್ವಲ್ಪ ಎಳೆದು, ಹೆಂಗಸಿನ ದನಿ. ಬಂದದ್ದು ಮೂವತ್ತು ಹೆಜ್ಜೆ ದೂರದಿಂದಲ್ಲ, ನನ್ನ ಎಡ ಭುಜದ ಹಿಂದಿನಿಂದ. ಹತ್ತಿರ ಬಂದು ನಿಂತಿದ್ದಾಳೆ ಅಂದುಕೊಂಡೆ. ತಿರುಗಿ ನೋಡಲಿಲ್ಲ, ನೋಡಿದ್ದರೂ ಆ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಒಬ್ಬರ ಹಿಂದೊಬ್ಬರು ಹಗ್ಗ ಹಿಡಿದು ಇಳಿದೆವು. ಟೆಂಪೋದಲ್ಲಿ ಇದ್ದಾಳೆಂದು ಬಸ್ಸಿನವರು ತಿಳಿದರು, ಬಸ್ಸಿನಲ್ಲಿ ಇದ್ದಾಳೆಂದು ಟೆಂಪೋದ ಚಾಲಕ ತಿಳಿದ. ಆಸ್ಪತ್ರೆಗೆ ಕರೆದೊಯ್ಯುವ ಮಾತು ಕೊಟ್ಟವನಿಗೂ, ಆ ಮಾತು ಪಡೆದ ನನಗೂ, ಬಸ್ಸು ಹತ್ತುವಾಗ ಅವಳ ಮುಖ ಹುಡುಕಬೇಕೆನಿಸಲಿಲ್ಲ.

ಮನೆ ತಲುಪಿದ ಮೇಲೆ ಅವಳ ಸೊಸೆ ಫೋನು ಮಾಡಿದಳು: ಅತ್ತೆ ಇನ್ನೂ ಬಂದಿಲ್ಲ. ರೋಹನನಿಗೆ ಫೋನು ಮಾಡಿ ಕೇಳಿದೆ. "ಓ ಅಂದ್ರಲ್ಲಾ ಆಂಟಿ, ನೀವೂ ಕೇಳಿದ್ರಿ ನಾ? ಮುಲುಂಡ್‌ದಲ್ಲಿ ಇಳಿದಿರ್ತಾರೆ," ಅಂದ. ಕೇಳಿದ್ದೆ. ಸೊಸೆಗೂ ಅದನ್ನೇ ಹೇಳಿದೆ. ಆ ಸಮಾಧಾನ ನನ್ನ ಬಾಯಿಂದ ಹೋದದ್ದರಿಂದಲೇ ಅವರು ಹುಡುಕಲು ಹೊರಡಲಿಲ್ಲ.

ನಿಂಗವ್ವ ಒಬ್ಬಳೇ ಇಳಿಯಲು ಹೋಗಿ, ಒಣಗಿದ ಹಳ್ಳದ ಕಲ್ಲುಗಳ ಮೇಲೆ ಅದೇ ಕೈ ಊರಿ ಬಿದ್ದಿದ್ದಳು. ಹತ್ತಿರದ ಪಾಡೆಯ, ಆದಿವಾಸಿಗಳ ಪುಟ್ಟ ಹಾಡಿಯ, ಹೆಂಗಸೊಬ್ಬಳು ನರಳಿಕೆ ಕೇಳಿ ಬಂದು ಮನೆಗೆ ಕರೆದೊಯ್ದು ಮಲಗಿಸಿ, ಬೆಳಗಾದ ಮೇಲೆ ಆಸ್ಪತ್ರೆಗೆ ತಲುಪಿಸಿದಳು. ಅಷ್ಟರಲ್ಲಿ ಗಾಯ ಕೀವಾಗತೊಡಗಿತ್ತು.

ಎರಡನೆಯ ದಿನ ವಾರ್ಡಿನಲ್ಲಿ ಅವಳ ಪಕ್ಕ ಕುಳಿತು ಕೇಳಿದೆ: ಓ ಅಂದವಳು ಅಲ್ಲೇ ಯಾಕೆ ಉಳಿದೆ?

"ನಾ ಎಲ್ಲಿ ಓ ಅಂದೇನ್ರಿ ಅಕ್ಕಾರ? ಕಾಡಿನ್ಯಾಗ ಕತ್ತಲದಾಗ ಹೆಸರ ಹಿಡದು ಕರದ್ರ ಒಂದನೇದಕ್ಕ ಓ ಅನಬಾರದು, ಎರಡನೇದಕ್ಕೂ ಅನಬಾರದು. ಮೂರನೇ ಸಲ ಕರದ್ರ ಮನಷ್ಯಾನ ಕರ್ಯಾಕತ್ತಾನ ಅಂತ ತಿಳಕೊಬೇಕು. ನಮ್ಮವ್ವ ಕಲಿಸಿದ್ದಿದು. ನಾ ಮೂರನೇದಕ್ಕ ಕಾಯಾಕತ್ತಿದ್ದೆ."

"ಮತ್ತೆ ಓ ಅಂದವರು ಯಾರು?"

"ಅದನ್ನ ನನ್ನ ಕೇಳಬ್ಯಾಡ್ರಿ. ದನಿ ನಂದ ಇತ್ತು. ಬಾಯಿ ನಂದಲ್ಲ. ಅದಕ್ಕ ಅಂಜಿ ಅಲ್ಲೇ ಮುದುರಿ ಕುಂತೆ. ನೀವು ಇಳದು ಹೋಗೂದು ಕೇಳಸ್ತು. ಕೂಗಾಕ ದನೀನ ಬರಲಿಲ್ಲ."

ಅನಂತರ ನಾನು ನನಗೆ ತಿಳಿದ ರೀತಿಯಲ್ಲಿ ವಿಚಾರಣೆ ಮಾಡಿದೆ. ಬಸ್ಸಿನಲ್ಲಿದ್ದ ಉಳಿದ ಹದಿನೇಳು ಜನರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಎಲ್ಲರೂ ಕೇಳಿದ್ದಾರೆ, ಯಾರೂ ಅಂದಿಲ್ಲ. ತಮಾಷೆಗೆ ಅಂದಿರಬಹುದೇ? ನಮ್ಮ ಗುಂಪಿನಲ್ಲಿ ಕರೆದರೆ "ಓ" ಎನ್ನುವವರೇ ಯಾರೂ ಇಲ್ಲ. ಆ ಉತ್ತರವನ್ನು ನಾವು ಈ ಊರಿನಲ್ಲಿ ಎಂದೋ ಕಳೆದುಕೊಂಡಿದ್ದೇವೆ. ಪ್ರತಿಧ್ವನಿಯಾದರೆ ಕರೆದ ಹೆಸರೇ ಮರಳಬೇಕಿತ್ತು. ಕೊನೆಗೆ ನನ್ನನ್ನೇ ಅನುಮಾನಿಸಿದೆ. ಅವಳ ಕೈಯ ಚಿಂತೆ ಮರಳಿ ಬಂದ ಗಳಿಗೆಯಲ್ಲಿ, ಅರಿವಿಲ್ಲದೆ, ಅವಳ ಬದಲಾಗಿ ನಾನೇ ಓ ಅಂದುಬಿಟ್ಟೆನೇ? ನನ್ನ ಪಕ್ಕದಲ್ಲಿ ಕುಳಿತಿದ್ದ ರಾಯರ ಹೆಂಡತಿ, ಇಲ್ಲ, ನಿಮ್ಮ ದನಿಯಲ್ಲ ಎನ್ನುತ್ತಾರೆ. ಅವರ ಮಾತಿನಿಂದ ನನಗೆ ನೆಮ್ಮದಿ ಸಿಕ್ಕಿಲ್ಲ. ಮತ್ತೆ ಎರಡು ಸಲ ಅದೇ ಜಾಗಕ್ಕೆ ಹೋಗಿ ಕುಳಿತೆ. ಹುಳುಗಳು ಬಂದವು, ಹೊತ್ತಿ ಆರಿದವು. ಬೇರೇನೂ ಆಗಲಿಲ್ಲ. ಇದನ್ನು ವಿವರಿಸಲು ನನಗೆ ಇಂದಿಗೂ ಆಗುವುದಿಲ್ಲ.

ಸಂಸ್ಥೆಗೆ ಮಾತ್ರ ವಿವರಣೆ ಸಿಕ್ಕಿದೆ. ನಮ್ಮ ದೂರಿಗೆ ಅವರು ಕೊಟ್ಟ ಪತ್ರದ ಎರಡನೆಯ ವಾಕ್ಯ ಹೀಗಿದೆ: ಹೆಸರು ಕರೆದಾಗ ಸದರಿ ಮಹಿಳೆ ಉತ್ತರಿಸಿದ್ದು, ನಂತರ ಸ್ವಂತ ಇಚ್ಛೆಯಿಂದ ಹಿಂದುಳಿದಿದ್ದಾರೆ, ಇದಕ್ಕೆ ಪ್ರವಾಸಿಗಳೆಲ್ಲರೂ ಸಾಕ್ಷಿ. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಅವರು ಮೊದಲ ಸಾಕ್ಷಿಯಾಗಿ ನನ್ನನ್ನೇ ಕರೆದರು. ನೀವು ಉತ್ತರ ಕೇಳಿದಿರೋ ಇಲ್ಲವೋ? ನಿಂಗವ್ವ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ಕುಳಿತಿದ್ದಳು. ಕೇಳಿದೆ ಅಂದೆ. ಮೂರು ಸಲ ಕರೆಯದೆ ಓಗೊಡದ ಅವಳ ರೂಢಿಯನ್ನೂ ಹೇಳಿದೆ. ಮಾಲೀಕರು ನಕ್ಕರು: "ಮೇಡಂ, ಮೂಢನಂಬಿಕೆ ಬಿಡಿ ಅಂತ ಚಾಳ್ ಚಾಳ್ ತಿರುಗಿ ಭಾಷಣ ಮಾಡೋರು ನೀವೇ ಅಲ್ವಾ?" ಹೊರಗೆ ಬಂದಾಗ ನಿಂಗವ್ವ ತನ್ನ ಸೊಸೆಗೆ ಹೇಳುತ್ತಿದ್ದಳು, "ಅಕ್ಕಾರು ಕೇಳಿದ್ದನ್ನ ಕೇಳಿಲ್ಲ ಅಂತ ಹ್ಯಾಂಗ ಹೇಳ್ಯಾರು." ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾಲೀಕರಿಗೆ ಕೊಡಬೇಕಿದ್ದ ಉತ್ತರ ಆಮೇಲೆ ಹೊಳೆಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಓ ಅಂದವರು ಯಾರೆಂದು ನನಗೆ ಗೊತ್ತಿಲ್ಲ. ಆದರೆ ಗಾಯವಾಗಿ ಆರು ಗಂಟೆ ಕಳೆದ ಹೆಂಗಸನ್ನು ಕತ್ತಲಲ್ಲಿ ಬೇರೆ ಕೂರಿಸಿ, ಒಂದು ಅಕ್ಷರ ಕೇಳಿ, ಮುಖ ನೋಡದೆ ಬಿಟ್ಟುಬಂದವರು ಯಾರೆಂದು ಚೆನ್ನಾಗಿ ಗೊತ್ತಿದೆ. ಮಂಗ ಕಚ್ಚಿದ್ದು ನಡುಹಗಲಿನಲ್ಲಿ, ಹದಿನೆಂಟು ಜನರ ಎದುರಿಗೆ. ಅಲ್ಲಿ ಯಾವ ವಿಚಿತ್ರವೂ ಇಲ್ಲ.

ಆದ್ದರಿಂದ ಸಂಸ್ಥೆಯ ಮಾಲೀಕರಲ್ಲಿ ನನ್ನ ಬೇಡಿಕೆ ಇದು. ನಿಮ್ಮ ಪತ್ರದ ಎರಡನೆಯ ವಾಕ್ಯವನ್ನು ಹಿಂತೆಗೆದುಕೊಳ್ಳಿ. ಅದರ ಜಾಗದಲ್ಲಿ, ನಿಂಗವ್ವನಿಗೆ ನಮ್ಮ ಕೆಲಸದಲ್ಲಿದ್ದಾಗ ಮಧ್ಯಾಹ್ನ ಮಂಗ ಕಚ್ಚಿತು, ನಾವು ಆಸ್ಪತ್ರೆಗೆ ಕಳಿಸಲಿಲ್ಲ, ಅವಳು ವಾಹನ ಹತ್ತಿದ್ದನ್ನು ಕಣ್ಣಿಂದ ನೋಡದೆ ಹೊರಟುಬಂದೆವು ಎಂದು ಅವಳಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ; ಶಸ್ತ್ರಚಿಕಿತ್ಸೆಯನ್ನು ನಾವೇ ಮಾಡಿಸುತ್ತೇವೆ ಎಂದು ಸೇರಿಸಿ ಸಹಿ ಹಾಕಿ. ಆಳಿನ ಕೈಯಲ್ಲಿ ಕಳಿಸಬೇಡಿ. ಮಳೆ ಹಿಡಿಯುವ ಮೊದಲು ನೀವೇ ಭಾಂಡುಪಿನ ಆ ಚಾಳಿಗೆ ಹತ್ತಿ ಹೋಗಿ, ಅವಳ ಎದುರಿಗೆ ಕುಳಿತು, ಗಟ್ಟಿಯಾಗಿ ಓದಿ ಕೊಡಿ.