ಹಿಟ್ಟು ಮುಟ್ಟಲಿಲ್ಲ

ಹೋದ ವಾರ ಗಿರಣಿಯ ಹಲಗೆ ಸರಿಸಿದಾಗ ಹಿಂದೆ ಬಿದ್ದಿದ್ದ ಒಂದು ನೋಟಬುಕ್ಕು ಸಿಕ್ಕಿತು. ಝಾಡಿಸಿದರೆ ಹಳೇ ಜೋಳದ ಹಿಟ್ಟಿನ ಕಮಟು ವಾಸನೆ. ಆ ವಾಸನೆಗೆ ಬಾಯಾರು ನೆನಪಾದರು...

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಅಂತೀವಿ. ಇವರು ಅಥಣಿ ಕಡೆಯಿಂದ ನಮ್ಮ ಅಕ್ಕೋಳದ ಹೈಸ್ಕೂಲಿಗೆ ಬಂದ ಸೈನ್ಸ್ ಬಾಯಾರು. ನನ್ನ ಗಿರಣಿಯ ಬಾಜೂಕ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು.

ಒಮ್ಮೆ ತಮ್ಮ ಕ್ಲಾಸಿಗೆ ಒಂದು ಕೆಲಸ ಕೊಟ್ಟರಂತೆ. ಒಂದು ಕಡೆ ಕುಂತು ಮಂದಿ ಏನು ಮಾಡುತ್ತಾರೆ ನೋಡಬೇಕು, ಕಂಡಷ್ಟೇ ಬರೆಯಬೇಕು, ಅದೂ ವಿಜ್ಞಾನವೇ ಅಂತ. ಮಾಡಿ ತೋರಿಸಲಿಕ್ಕೆ ತಾವೇ ನನ್ನ ಗಿರಣಿಗೆ ಬಂದು ಕುಂತರು.

"ಇಲ್ಲೇನ್ ಸಿಗತೈತ್ರಿ ಬಾಯಾರ? ಮಂದಿ ಬರ್ತಾರ, ಬೀಸಿಸ್ಕೊಂಡ ಹೋಗ್ತಾರ" ಅಂದೆ.

ಒಂದು ತಾಸಿನ ಮೇಲೆ ತಾವು ಬರೆದದ್ದು ಓದಿ ಹೇಳಿದರು. ಹಿಟ್ಟು ಬೀಳುವಾಗ ಬಂದವರೆಲ್ಲ ಅದರಲ್ಲಿ ಕೈ ಇಡುತ್ತಾರೆ. ಮುದುಕಿಯರು ಬೆರಳಲ್ಲಿ ತಿಕ್ಕಿ ನೋಡುತ್ತಾರೆ, ಹುಡುಗಿಯರು ಸುಮ್ಮನೆ ಬಿಸಿಗೆ ಮುಟ್ಟುತ್ತಾರೆ.

ಇಪ್ಪತ್ತು ವರ್ಷ ಅದೇ ಜಾಗದಲ್ಲಿ ನಿಂತವ ನಾನು, ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ! ಏಳನೇ ಕ್ಲಾಸಿಗೇ ಸಾಲಿ ಬಿಟ್ಟವ ಖರೆ, ಆದರೆ ಯಾರ ಕೈ ಕಾಯದೆ ಗಿರಣಿ ಕಟ್ಟಿ ನಿಲ್ಲಿಸಿದವ. ನನ್ನ ಗಿರಣಿಯ ಸುದ್ದಿ ಬ್ಯಾರೆಯವರು ನನಗೆ ಹೇಳೂದಂದ್ರ? ಮರುದಿನವೇ ನಿಪ್ಪಾಣಿಯಿಂದ ನೋಟಬುಕ್ಕು ತಂದೆ.

"ನೋಡ್ರಬೇ, ಮೀಸಿ ಬೆಳ್ಳಗಾದ ಮ್ಯಾಲ ಸಾಲಿಗೆ ಹೊಂಟಾನ!" ಅಂತ ಪಾಳಿಯಲ್ಲಿದ್ದ ಮುದುಕಿ ಎಲ್ಲರನ್ನೂ ನಗಿಸಿದಳು. ಅವಳು ಬಂದಾಗಿನದನ್ನೇ ಮೊದಲ ಸಾಲಾಗಿ ಬರೆದೆ: "ಆಯಿ ಸಿಟ್ಟಿನ್ಯಾಗ ಬಂದಳು."

ಸಂಜೆ ಬಾಯಾರು ಓದಿ ತಲೆ ಅಲ್ಲಾಡಿಸಿದರು. "ಸಿಟ್ಟು ಕಣ್ಣಿಗೆ ಕಾಣತೈತೇನ್ರಿ ಅಣ್ಣಾರ? ಏನ್ ಕಂಡ್ರಿ?"

"ಡಬ್ಬಿ ಕುಕ್ಕಿದ್ಳರಿ."

"ಹಾಂ, ಅದನ್ನ ಬರೀರಿ. ನಿಮಗ ಅನ್ನಿಸಿದ್ದು ಬ್ಯಾಡ."

ಆಮೇಲೆ ದಿನಾ ಸಂಜೆ ತೋರಿಸುತ್ತಿದ್ದೆ. ಸರಿ ಇದ್ದ ಸಾಲಿಗೆ ಕೆಂಪು ಪೆನ್ನಿನ ಟಿಕ್ ಬೀಳುತ್ತಿತ್ತು. ಸಾಲಿಯಲ್ಲಿ ಸಿಗದ ಟಿಕ್ಕು ಆ ವಯಸ್ಸಿನಲ್ಲಿ ಸಿಕ್ಕಿದ್ದಕ್ಕೆ ನಾನು ಹಿಗ್ಗಿದ್ದು ಯಾರಿಗೂ ಹೇಳಿಲ್ಲ.

ಬಾಯಾರೂ ವಾರಕ್ಕೊಮ್ಮೆ ಜೋಳದ ಡಬ್ಬಿ ತರುತ್ತಿದ್ದರು. ಒಂದು ಸಲ ಹೀಗೆ ಬರೆದೆ: "ಬಾಯಾರು ಬಂದರು. ಹಿಟ್ಟು ಮುಟ್ಟಲಿಲ್ಲ." ಮುಂದಿನ ವಾರ: "ಅರ್ಧ ಡಬ್ಬಿ. ಹೋಗುವಾಗ ಎರಡು ಸಲ ಕೆಳಗಿಟ್ಟರು. ಗ್ವಾಡಿ ಹಿಡಿದು ನಿಂತರು."

ಅದನ್ನೂ ಅವರಿಗೇ ತೋರಿಸಿದೆ. ಒಂದಕ್ಷರ ತಪ್ಪಿಲ್ಲ ಅಂತ ಎದೆ ಉಬ್ಬಿಸಿಕೊಂಡೇ ತೋರಿಸಿದೆ. ಅವರು ಬಹಳ ಹೊತ್ತು ಆ ಹಾಳೆ ನೋಡಿದರು. ಟಿಕ್ ಹಾಕಿದರು. ಪೆನ್ನಿನ ಟೊಪ್ಪಿಗೆ ಹಾಕದೆ ಹಂಗೇ ಕುಂತರು... "ಬರೋಬ್ಬರಿ ಐತ್ರಿ" ಅಂದರು.

ಯಾಕ್ರಿ ಬಾಯಾರ, ಮೈಯಾಗ ಆರಾಮಿಲ್ಲೇನು ಅಂತ ಒಂದು ಮಾತೂ ನಾನು ಕೇಳಲಿಲ್ಲ. ಮುಂದಿನ ಗಿರಾಕಿಯ ಜೋಳ ಗಿರಣಿಗೆ ಸುರುವಿದೆ.

ದೀಪಾವಳಿ ಸೂಟಿಗೆ ಅಂತ ಊರಿಗೆ ಹೋದ ಬಾಯಾರು ತಿರುಗಿ ಬರಲಿಲ್ಲ. ಸಾಮಾನು ಒಯ್ಯಲು ಬಂದ ಅವರ ಅಣ್ಣ, ತಂಗಿ ಮಿರಜದ ದವಾಖಾನೆಯಲ್ಲಿ ತೀರಿಕೊಂಡಳು ಅಂದ. "ತೋರಿಸೂದು ತಡಾ ಆತ್ರಿ. ಯಾರ ಮುಂದೂ ಹೇಳಿದ್ದಿಲ್ಲ ಅಕಿ."

ಆ ಟಿಕ್ಕು ಈಗ ಮಾಸಿ ಕಂದು ಬಣ್ಣಕ್ಕೆ ತಿರುಗಿದೆ. ನಾನು ಕೇಳಲಿ ಅಂತ ಆವತ್ತು ಕಾದಿದ್ದರೇನೋ... ಇದು ನನಗೆ ಅನ್ನಿಸಿದ್ದು, ಕಂಡದ್ದಲ್ಲ. ಬಾಯಾರು ಇದ್ದಿದ್ದರೆ ಈ ಸಾಲು ಹೊಡೆದು ಹಾಕುತ್ತಿದ್ದರು.

ಈಗ ಅಂಗಡಿಯಲ್ಲೇ ಹಿಟ್ಟಿನ ಪಾಕೀಟು ಸಿಗುತ್ತದೆ, ಗಿರಣಿಗೆ ಬರುವವರು ಕಡಿಮೆ. ಬಂದವರಲ್ಲಿ ಯಾರಾದರೂ ಹಿಟ್ಟು ಮುಟ್ಟದೆ ಡಬ್ಬಿ ಎತ್ತಿದರೆ ಮಷೀನು ಬಂದ್ ಮಾಡಿ, "ಆರಾಮ ಅದೀರೇನ್ರಿ?" ಅಂತೀನಿ. "ಹೌದ್ರಿ, ಯಾಕ್ರಿ?" ಅಂತ ಅವರು ನನ್ನ ಮುಖ ನೋಡುತ್ತಾರೆ.

ಏನಿಲ್ಲ ಅಂತೀನಿ. ಮತ್ತೆ ಬಟನ್ ಒತ್ತುತ್ತೀನಿ.