ಎಪ್ಪಿಂಗ್ ಬಾಲ್ಕನಿಯ ಮೆಂತ್ಯ ಸೊಪ್ಪು

ಮಗಳ ಬಾಣಂತನಕ್ಕೆಂದು ಮೆಲ್ಬರ್ನಿಗೆ ಬಂದವಳು ನಾನು. ಬಂದ ತಿಂಗಳಲ್ಲೇ ಕೊರೋನಾ ಬಂದು ದೇಶದ ಬಾಗಿಲುಗಳೆಲ್ಲ ಮುಚ್ಚಿದವು; ಕ್ರೇಗಿಬರ್ನಿನ ಮಗಳ ಮನೆಯಲ್ಲೇ ಉಳಿದೆ. ಮೊಮ್ಮಗಳು ಹುಟ್ಟಿದಳು. ಅಯ್ಯೋ, ಎಂಥ ಕೂಸು! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮೈಸೂರು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಸೊಪ್ಪು ಮಾರಿದವಳಿಗೆ ಆ ಮುಖ ಹೇಗಿತ್ತೆಂದು ಬರೆಯಲು ಎಲ್ಲಿಂದ ಬರಬೇಕು ಮಾತು? ಬೆಳಗಿನ ಜಾವ ಬುಟ್ಟಿಗೆ ಬಿದ್ದ ಎಳೆ ಕೊತ್ತಂಬರಿ ಹಾಗಿದ್ದಳು. ಅಷ್ಟೇ ನನಗೆ ಗೊತ್ತು.

ನನ್ನ ಬೀಗರಿಗೆ, ಅಂದರೆ ಅಳಿಯನ ಅಪ್ಪ ಅಮ್ಮನಿಗೆ, ಬೆಂಗಳೂರಿನಲ್ಲಿ ಮನೆಯಿದೆ. ಅದು ಸಾಲದೆಂದು ಸಿಡ್ನಿಯ ಎಪ್ಪಿಂಗಿನಲ್ಲಿ ಒಂದು ಫ್ಲಾಟು. ವರ್ಷಕ್ಕೆ ಎರಡು ತಿಂಗಳು ರಜೆಗೆ ಬರುವುದು, ಮಿಕ್ಕ ಹತ್ತು ತಿಂಗಳು ಬೀಗ. ಆ ಕಟ್ಟಡದಲ್ಲಿ ಅಂಥವರೇ ಹೆಚ್ಚು: ಯಾವ ಯಾವುದೋ ದೇಶದಿಂದ ಬಂದು ಮನೆ ಕೊಂಡು, ಆ ಮನೆಯಲ್ಲಿ ಕೂರದೆ ಊರು ಸುತ್ತುವವರು. ನಾನು ಮೊದಲು ವಿಮಾನ ಇಳಿದದ್ದು ಸಿಡ್ನಿಯಲ್ಲೇ. ಒಂದು ರಾತ್ರಿ ಅಲ್ಲಿ ತಂಗಿದ್ದೆ. ಸೋಫಾದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಒಲೆಯ ಮೇಲೆ ಒಂದು ಕಲೆ ಇಲ್ಲ. ಬೀಗರು ಹಡಗಿನ ಪ್ರವಾಸ, ದ್ರಾಕ್ಷಿ ತೋಟ, ಅಂಗಡಿ ಬೀದಿ ಅಂತ ಪಟ್ಟಿ ಓದಿದರು. ಹುಟ್ಟಲಿರುವ ಮೊಮ್ಮಗುವಿಗೆ ಆ ಪಟ್ಟಿಯಲ್ಲಿ ಎರಡು ದಿನ ಕೊಟ್ಟಿದ್ದರು.

ಲಾಕ್‌ಡೌನ್ ಆಯಿತು. ಹಡಗು ನಿಂತಿತು, ಬೀಗರು ಎಪ್ಪಿಂಗಿನಲ್ಲೇ ಸಿಕ್ಕಿಬಿದ್ದರು. ಅಲ್ಲಿಯವರೆಗೆ ಮನೆಯಲ್ಲಿ ಕೂತು ಗೊತ್ತಿಲ್ಲದ ಜನ ಬಾಲ್ಕನಿಗೆ ಬಂದರು. ಎದುರು ಮನೆಯವರು ಹಿಟ್ಟು ಹುಳಿ ಬರಿಸಿ ಬ್ರೆಡ್ ಮಾಡಿದರಂತೆ. ಆ ಹುಳಿ ಹಿಟ್ಟಿಗೊಂದು ಹೆಸರೂ ಇಟ್ಟಿದ್ದರಂತೆ! ನಾನು ಹುಟ್ಟಿದಾಗಿನಿಂದ ದೋಸೆ ಹಿಟ್ಟು ರುಬ್ಬಿದ್ದೇನೆ, ಒಂದು ದಿನವೂ ನಾಮಕರಣ ಮಾಡಿಲ್ಲ. ನಮ್ಮ ಬೀಗಿತ್ತಿ ಹಿಂದೆ ಬೀಳುವವರೇ? ಕುಂಡ ತರಿಸಿ ಮೆಂತ್ಯ ಬಿತ್ತಿದರು. ದಿನಾ ವಿಡಿಯೋ ಕಾಲು. ಕೂಸನ್ನು ಎತ್ತಿ ತೋರಿಸಿದರೆ "ಓ, ಸ್ವೀಟ್" ಎಂದು ಫೋನನ್ನು ಕುಂಡದ ಕಡೆ ತಿರುಗಿಸುವರು.

"ನೋಡ್ರೀ ಬೀಗಿತ್ತಿ, ಇವತ್ತಿಗೆ ಹನ್ನೆರಡು ದಿನ. ಒಂದು ಮೊಳಕೆನೂ ಇಲ್ಲ. ಇಲ್ಲಿನ ಮಣ್ಣೇ ಸರಿ ಇಲ್ಲ ಅನ್ಸತ್ತೆ."

"ಬೀಜ ಎಲ್ಲಿಂದ ತಂದ್ರಿ?"

"ಮನೇಲೇ ಇತ್ತಲ್ಲ, ಸಾರಿನ ಪುಡಿಗೆ ಅಂತ ಹುರಿದಿಟ್ಟಿದ್ದೆ."

"ಹುರಿದ ಮೆಂತ್ಯ ಬಿತ್ತಿದ್ರೆ ಸೊಪ್ಪು ಬರಲ್ಲ ಬೀಗಿತ್ತಿ, ನೇರವಾಗಿ ಸಾರೇ ಬರ್ಬೇಕು."

ಹಿಂದಿನಿಂದ ಬೀಗರ ದನಿ: "ನಾನು ಅವತ್ತೇ ಹೇಳ್ದೆ, ಘಮ ಘಮ ಅಂತಿದೆ ಕಣೇ ಅಂತ!"

ಮೂವತ್ತು ವರ್ಷ ನಾನು ಕೂಗಿ ಕೂಗಿ ಮಾರಿದ್ದು ಇವರಿಗೆ ಈಗ ಹವ್ಯಾಸವಂತೆ. ಹುರಿಯದ ಬೀಜ ತರಿಸಿ ಮತ್ತೆ ಮತ್ತೆ ಬಿತ್ತಿದರು.

ಕೂಸಿಗೆ ಏಳನೇ ತಿಂಗಳು ಬಿತ್ತು. ಹೆಣ್ಣುಮಗುವಿಗೆ ಬೆಸ ತಿಂಗಳಲ್ಲಿ ಅನ್ನ ಮುಟ್ಟಿಸಬೇಕು. ಮೊದಲ ತುತ್ತು ಅಪ್ಪನ ತಾಯಿಯದು, ಆಮೇಲೆ ನನ್ನದು. ಅವರು ಬಂದು ಮುಟ್ಟಿಸದೆ ನಾನು ತಿನ್ನಿಸುವ ಹಾಗಿಲ್ಲ. ಅದೇ ತಿಂಗಳ ಕೊನೆಯ ಬುಧವಾರ ನನಗೆ ಊರಿಗೆ ವಾಪಸು ವಿಮಾನ ಸಿಕ್ಕಿತ್ತು. ಬಿಟ್ಟರೆ ಮತ್ತೆ ಯಾವಾಗಲೋ. ನನ್ನ ಕೈಯಿಂದ ಒಂದು ತುತ್ತು ತಿನ್ನಿಸಿ ಹೋದರೆ ಸಾಕು ಅಂತ ಜೀವ ಬಡಿದುಕೊಳ್ಳುತ್ತಿತ್ತು. ಪುಣ್ಯಕ್ಕೆ ಸಿಡ್ನಿಗೂ ಮೆಲ್ಬರ್ನಿಗೂ ನಡುವಿನ ರಾಜ್ಯದ ಗಡಿ ತೆರೆದರು. ಬೀಗರು ಶನಿವಾರ ಬರುವುದೆಂದಾಯಿತು.

ಶುಕ್ರವಾರ ಫೋನು. "ಈ ವಾರ ಕಷ್ಟ ಆಗತ್ತೆ ಕಣೋ," ಎಂದರು ಬೀಗಿತ್ತಿ, ಮಗನಿಗೆ. "ಮೆಂತ್ಯ ಈಗ ತಾನೇ ಮೂರೆಲೆ ಬಿಟ್ಟಿದೆ. ಈ ಬಿಸಿಲಿಗೆ ಎರಡು ದಿನ ನೀರಿಲ್ಲದಿದ್ರೆ ಎಲ್ಲಾ ಹೋಯ್ತು. ಒಂಬತ್ತನೇ ತಿಂಗಳಲ್ಲಿ ಇಟ್ಕೊಳ್ಳೋಣ."

"ಅಮ್ಮಾ, ಹತ್ತು ತಿಂಗಳು ಮನೆಗೇ ಬೀಗ ಹಾಕ್ತಿದ್ರಿ ನೀವು! ಈಗ ಒಂದು ಕುಂಡ ಬಿಟ್ಟು ಬರಕ್ಕಾಗಲ್ವಾ? ಬುಧವಾರ ಅತ್ತೆ ಹೊರಟೋಗ್ತಾರೆ."

"ಅವರಿಗೆ ವಿಡಿಯೋದಲ್ಲಿ ತೋರಿಸಿದ್ರಾಯ್ತಲ್ಲ."

ನಾನು ಪಕ್ಕದಲ್ಲೇ ಕೂತಿದ್ದೆ. ಬೀಗರ ಹತ್ತಿರ ತಮಾಷೆಗೆ ಅಂದರೆ ನಡೆಯುತ್ತದೆ, ಸಿಟ್ಟಿಗೆ ಅಂದರೆ ಮಗಳ ತಲೆಗೆ ಬರುತ್ತದೆ. ಅಳಿಯ ಫೋನಿಟ್ಟು ನನ್ನ ಕಡೆ ನೋಡಲಿಲ್ಲ. ಹೆಂಡತಿಯನ್ನೂ ಕೇಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬ ತಂದು ನನ್ನ ಮುಂದಿಟ್ಟ.

"ಅತ್ತೆ, ನಾಳೆ ನೀವೇ ಮುಟ್ಟಿಸಿ. ಮೊದಲ್ನೇದೂ ನಿಮ್ದೇ."

"ಬೇಡಪ್ಪಾ, ನಿಮ್ಮಮ್ಮ ಬೇಜಾರು ಮಾಡ್ಕೋತಾರೆ," ಅಂದೆ. ಅನ್ನುತ್ತಲೇ ಅಕ್ಕಿಗೆ ಕೈ ಹಾಕಿದ್ದೆ.

ಶನಿವಾರ ಅನ್ನ ಮೆತ್ತಗೆ ಬೇಯಿಸಿ, ತುಪ್ಪ ಹಾಕಿ, ಬೆರಳಲ್ಲಿ ನುಣ್ಣಗೆ ಹಿಸುಕಿದೆ. ಅಮ್ಮನೇ ವಿಡಿಯೋದಲ್ಲಿ ನೋಡಲಿ ಎಂದು ಅಳಿಯ ಫೋನು ನಿಲ್ಲಿಸಿದ್ದ, ಅದರೊಳಗಿಂದ ಬೀಗಿತ್ತಿ "ಸ್ವಲ್ಪ ಸ್ವಲ್ಪ ಕೊಡಿ, ಬಲಗೈಲಿ ಕೊಡಿ" ಎಂದು ನನಗೇ ಪಾಠ ಹೇಳುತ್ತಿದ್ದರು. ಹೇಳಲಿ ಬಿಡು. ಕೂಸು ನನ್ನ ಮಡಿಲಲ್ಲಿತ್ತು, ಅವರ ಮಡಿಲಲ್ಲಲ್ಲ. ತುತ್ತು ಇಟ್ಟೆ. ಮುಖ ಕಿವುಚಿದಳು, ಅರ್ಧ ಉಗುಳಿದಳು, ನಾಲಿಗೆಯಿಂದ ತುಟಿ ಸವರಿಕೊಂಡಳು. ಆಮೇಲೆ ನನ್ನ ಬೆರಳನ್ನೇ ಎರಡೂ ಕೈಯಲ್ಲಿ ಹಿಡಿದೆಳೆದು, ಹಕ್ಕಿಮರಿಯಂತೆ ಬಾಯಿ ತೆರೆದಳು.