ಬೀಗರ ಪಾಳಿಯಲ್ಲಿ ಗಿರಿಜವ್ವ

ಕೊರೊನಾ ಮುಗಿದು, ಮಾಸ್ಕ್ ಮಾತ್ರ ಕೆಲವರ ಗದ್ದಕ್ಕೆ ಇನ್ನೂ ಜೋತುಬಿದ್ದಿದ್ದ ವರ್ಷ. ಮುಂಡರಗಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸಿಂಗ್ ಆಫೀಸರ್. ಅದು ಕಾಗದದ ಮೇಲಿನ ಹೆಸರು. ಊರವರ ಬಾಯಲ್ಲಿ ಬರೀ ‘ಬ್ರದರ್’. ಹಲ್ಲಿಲ್ಲದ ಅಜ್ಜಿಗೂ ಬ್ರದರ್, ಅವಳ ಮರಿಮೊಮ್ಮಗನಿಗೂ ಬ್ರದರ್. ನಿವೃತ್ತಿ ಹತ್ತಿರ ಬಂದಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಮೂರೂ ಕಡೆ ಸೂಜಿ ಚುಚ್ಚಿ ಬಂದವನು ನಾನು. ನನ್ನ ಸೂಜಿ ಹೋಗಿ ಬಂದದ್ದೂ ತಿಳಿಯದೆ “ಇನ್ನ ಯಾವಾಗ ಮಾಡ್ತೀರಿ?” ಎಂದು ಕೇಳಿದವರು ಆ ಮೂರೂ ಊರಲ್ಲಿ ಈಗಲೂ ಸಿಗುತ್ತಾರೆ. ನಂಬಿಕೆ ಇಲ್ಲದಿದ್ದರೆ ಹೋಗಿ ವಿಚಾರಿಸಿ.

ಗದಗಿನಿಂದ ನರ್ಸಿಂಗ್ ವಿದ್ಯಾರ್ಥಿಗಳು ತಂಡ ತಂಡವಾಗಿ ನಮ್ಮಲ್ಲಿಗೆ ಕೆಲಸ ಕಲಿಯಲು ಬರುತ್ತಿದ್ದರು. ಹೊಸಬರು ಬಂದ ದಿನ ನನಗೆ ಹಬ್ಬ. ಬಗಲಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು, ಕೈ ಚಾಚಿ, “ನನ್ನ ನಾಡಿ ನೋಡವಾ” ಎನ್ನುತ್ತಿದ್ದೆ. ತೋಳನ್ನು ಮೈಗೆ ಒತ್ತಿದರೆ ಹಣ್ಣು ರಕ್ತನಾಳವನ್ನು ಒತ್ತುತ್ತದೆ, ಮಣಿಕಟ್ಟಿನಲ್ಲಿ ನಾಡಿ ಮಾಯ. ಹುಡುಗಿಯರ ಮುಖ ಬಿಳಿಚುವುದನ್ನು ನೋಡಬೇಕು! ಲಕ್ಷ್ಮೇಶ್ವರದ ಮಮ್ತಾಜ್ ಎಂಬ ಹುಡುಗಿ ಮಾತ್ರ ನಾಡಿ ಬಿಟ್ಟು ನನ್ನ ಮುಖವನ್ನೇ ದಿಟ್ಟಿಸಿ ನೋಡಿ ಹೇಳಿದಳು:

“ಬ್ರದರ್, ನಾಡಿ ಇಲ್ಲದವ್ರು ಹಿಂಗ ನಗೂದಿಲ್ರಿ. ಬಗಲಾಗ ಏನ್ ಇಟ್ಕೊಂಡೀರಿ, ತಗೀರಿ.”

ಅವತ್ತೇ ಅಂದುಕೊಂಡೆ, ಈ ಹುಡುಗಿ ನನ್ನ ಕೆಲಸಕ್ಕೆ ಕುತ್ತು ತರುತ್ತಾಳೆ ಎಂದು.

ಆ ಬೇಸಿಗೆಯ ಒಂದು ಇಳಿಹೊತ್ತು. ಸ್ಟೀಲ್ ಕೆಟಲಿನಲ್ಲಿ ಚಹಾ ಬಂದಿತ್ತು, ನಾನು ಶಿರಹಟ್ಟಿಯ ದಿನಗಳ ಪ್ರತಾಪವನ್ನು ಮಮ್ತಾಜಳಿಗೆ ಹೇಳುತ್ತಿದ್ದೆ. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಗೇಟಿನೊಳಗೆ ಎರಡು ಟೆಂಪೊ, ಹಿಂದೆ ಒಂದು ಟಂಟಂ ನುಗ್ಗಿದವು. ಇಳಿದವರೆಲ್ಲ ರೇಷ್ಮೆ ಸೀರೆ, ಇಸ್ತ್ರಿ ಧೋತರ. ಎಲ್ಲರ ಕೈಯೂ ಹೊಟ್ಟೆಯ ಮೇಲೆ. ಪಕ್ಕದ ಹಳ್ಳಿಯಲ್ಲಿ ನಿಶ್ಚಯ ಇತ್ತಂತೆ. ಬೆಟಗೇರಿಯಿಂದ ಗಂಡಿನ ಕಡೆಯ ಬೀಗರು ಬಂದಿದ್ದರು. ಊಟಕ್ಕೆ ಬಾಸುಂದಿ. ಬೀಗರನ್ನು ಮೊದಲ ಪಂಕ್ತಿಗೆ ಕೂರಿಸಿ, ಬ್ಯಾಡ ಬ್ಯಾಡ ಎಂದಷ್ಟೂ ಬಡಿಸಿದ್ದರು. ಎರಡನೇ ಪಂಕ್ತಿಯವರಿಗೆ ಬಾಸುಂದಿ ಉಳಿದೇ ಇರಲಿಲ್ಲ. ಬೇಸಿಗೆಯ ಸೆಕೆಗೆ ಹಾಲು ಕೆಟ್ಟಿದ್ದಿರಬೇಕು. ಮರ್ಯಾದೆ ಮಾಡಿಸಿಕೊಂಡವರೆಲ್ಲ ನಮ್ಮ ವರಾಂಡದಲ್ಲಿ ಬಕೆಟ್ ಹುಡುಕುತ್ತಿದ್ದರು.

ಇಂಥ ಹೊತ್ತಿನಲ್ಲಿ ನಾವು ಮಾಡುವ ಮೊದಲ ಕೆಲಸ ಟ್ರಯಾಜ್. ಅಂದರೆ ಯಾರನ್ನು ಮೊದಲು ನೋಡಬೇಕು, ಯಾರು ಸ್ವಲ್ಪ ಕಾಯಬಹುದು ಎಂದು ವಿಂಗಡಿಸುವುದು. ಬಂದ ಪಾಳಿ ಇಲ್ಲಿ ನಡೆಯುವುದಿಲ್ಲ, ದೊಡ್ಡಸ್ತಿಕೆಯೂ ನಡೆಯುವುದಿಲ್ಲ. ನಾನು ವರಾಂಡದ ಉದ್ದಕ್ಕೂ ಒಂದು ಸುತ್ತು ಹೊಡೆದು ನಾಡಿ, ನಾಲಿಗೆ, ಕಣ್ಣು ನೋಡುತ್ತ ಹೋದೆ. ನಾಲಿಗೆ ಒಣಗಿ ಸುಸ್ತಾದವರಿಗೆ ಸಲೈನ್, ಕುಡಿಯಬಲ್ಲವರಿಗೆ ಓಆರ್‌ಎಸ್. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ವರನ ಸೋದರಮಾವ.

“ಬ್ರದರ್, ನಾ ಉಳೀತೀನೋ ಇಲ್ಲೋ, ಖರೇ ಹೇಳಿಬಿಡ್ರಿ!”

“ಇಷ್ಟು ದನಿ ಇದ್ದವ್ರು ಗದಗಿನತನ ನಡಕೊಂತ ಹೋಗಿ ಬರ್ತಾರ್ರಿ ಮಾವಾರ. ಕುಡೀರಿ ಇದನ್ನ.”

ಡಾಕ್ಟರ್ ಮೇಡಂ ನಮ್ಮಲ್ಲಿಗೆ ಹೊಸದಾಗಿ ಬಂದವರು, ಚುರುಕಿನವರು. ಒಬ್ಬೊಬ್ಬರನ್ನೇ ನೋಡುತ್ತ ಬರುತ್ತಿದ್ದರು. ಈ ಗದ್ದಲದ ನಡುವೆ ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬಳು ನೀರಿನ ತಂಬಿಗೆ ಹಿಡಿದು ಎಲ್ಲರ ಬಾಯಿ ತೊಳೆಸುತ್ತ, ಸೆರಗಿನಿಂದ ಗಾಳಿ ಹಾಕುತ್ತ ಓಡಾಡುತ್ತಿದ್ದಳು. ವಧುವಿನ ತಾಯಿ, ಗಿರಿಜವ್ವ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ನಿಶ್ಚಯವನ್ನು ಒಬ್ಬಳೇ ಮುಂದೆ ನಿಂತು ಮಾಡಿದ್ದಳು. ತನ್ನ ಮನೆಯ ಅನ್ನ ಉಂಡು ಬೀಗರೆಲ್ಲ ಮಲಗಿದ್ದಾರೆ, ತನ್ನ ಕಡೆಯವರೆಲ್ಲ ಗಟ್ಟಿಯಾಗಿ ನಿಂತಿದ್ದಾರೆ. ಆ ನಾಚಿಕೆ ಅವಳ ಮುಖದಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು.

ಮಮ್ತಾಜ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಬ್ರದರ್, ಆ ಅವ್ವಾರೂ ನಳದ ಹಿಂದ ಹೋಗಿ ವಾಂತಿ ಮಾಡ್ಕೊಂಡ್ ಬಂದ್ರು. ನಾ ನೋಡೇನಿ.”

“ಹಂಗಾರ ಅವ್ರಿಗೂ ಒಂದು ಓಆರ್‌ಎಸ್ ಕೊಡು.”

“ಕೊಟ್ಟೆ. ಒಲ್ಲೆ ಅಂದ್ರು. ಮೊದಲ ಬೀಗರಿಗೆ ಅಂತಾರ.”

ಅಷ್ಟರಲ್ಲಿ ಗಿರಿಜವ್ವನೇ ನನ್ನ ಮುಂದೆ ನೀರಿನ ಲೋಟ ಹಿಡಿದಳು. “ನೀವೂ ಒಂದೀಟು ಕುಡೀರಿ ಬ್ರದರ್, ಆವಾಗಿಂದ ಓಡ್ಯಾಡಾಕತ್ತೀರಿ.” ಲೋಟ ಇಸಿದುಕೊಳ್ಳುವಾಗ ಅವಳ ಬೆರಳು ತಾಗಿತು. ತಣ್ಣಗೆ, ಒದ್ದೆ ಒದ್ದೆ. ಹೊರಗೆ ನೆಲ ಕಾದ ಹಂಚಾಗಿದೆ, ಇವಳ ಕೈ ಬಾವಿಯಿಂದ ಈಗಷ್ಟೇ ಎತ್ತಿದಂತಿದೆ. ನಾನು ತಮಾಷೆಗೆಂಬಂತೆ ಆ ಕೈಯನ್ನು ಹಾಗೇ ಹಿಡಿದುಕೊಂಡು ನಾಡಿ ನೋಡಿದೆ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ನಾಡಿ ಓಡುತ್ತದೆ. ವರಾಂಡದಲ್ಲಿ ಮಲಗಿದ್ದ ಎಲ್ಲರದೂ ಓಡುತ್ತಿತ್ತು. ಗಿರಿಜವ್ವನದು ಮಾತ್ರ ದಣಿದ ಎತ್ತಿನಂತೆ ನಿಧಾನಕ್ಕೆ ಹೆಜ್ಜೆ ಇಡುತ್ತಿತ್ತು.

“ಬಾಸುಂದಿ ಎಷ್ಟು ಹೊಡದ್ರಿ ಅಕ್ಕಾರ?” ಎಂದೆ.

“ಅಯ್ಯ, ಬೀಗರಿಗೆ ಸಾಲಲಿಲ್ಲ, ನಾ ಎಲ್ಲಿ ಉಣ್ಣಲಿ? ಬಂದವ್ರದೆಲ್ಲ ಮುಗೀದ ಮನಿಯಾಕಿ ಎಲಿ ಮುಂದ ಕುಂಡ್ರಾಕ ಬರ್ತೈತೇನ್ರಿ? ಮುಂಜಾನಿ ಒಂದ್ ಕಪ್ ಚಾ ಕುಡದಾಕಿ.”

ಮಮ್ತಾಜ್ ನನ್ನ ಮುಖ ನೋಡಿದಳು. “ಉಂಡೇ ಇಲ್ಲ ಅಂದಮ್ಯಾಲ ವಾಂತಿ ಯಾಕ್ರಿ ಬ್ರದರ್?”

ನಾನೂ ಅದನ್ನೇ ಕೇಳುವವನಿದ್ದೆ. ಅವಳು ಒಂದು ಉಸಿರು ಮುಂಚೆ ಕೇಳಿದಳು, ಅಷ್ಟೇ. ಈಗಲೂ ಫೋನ್ ಮಾಡಿದಾಗೆಲ್ಲ “ಮೊದಲು ಕೇಳಿದಾಕಿ ನಾ” ಎನ್ನುತ್ತಾಳೆ. ಕೈ ಹಿಡಿದವನು ನಾನು ಎಂಬುದನ್ನು ಮಾತ್ರ ಜಾಣತನದಿಂದ ಮರೆಯುತ್ತಾಳೆ.

ಒಂದೇ ಮನೆಯ ಊಟದಿಂದ ಎದ್ದು, ಒಟ್ಟಿಗೆ, ಒಂದೇ ಬೇನೆ ಎಂದು ಬಂದಾಗ ನಮ್ಮ ತಲೆಯೂ ಒಂದೇ ದಾರಿ ಹಿಡಿಯುತ್ತದೆ. ಹನ್ನೊಂದನೆಯವರು ವಾಂತಿ ಎಂದರೆ ಹತ್ತು ಜನರ ಔಷಧಿಯನ್ನೇ ಕೈ ತಾನಾಗಿ ಎತ್ತುತ್ತದೆ. ನಾನು ಇನ್ನಷ್ಟು ಕೇಳಿದೆ. ಎದೆನೋವು ಇಲ್ಲ. ಹೊಟ್ಟೆಯ ಮೇಲ್ಬದಿ ಉರಿ, ‘ಪಿತ್ತ’ವಂತೆ. ದವಡೆ ಜಗ್ಗುತ್ತದೆ, ‘ದಣಿವು’ ಅಂತೆ. ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುತ್ತಾಳೆ. ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು. ತಣ್ಣನೆ ಬೆವರು, ವಾಂತಿ, ಹೊಟ್ಟೆ ಉರಿ, ಇಷ್ಟೇ ಗುರುತು ಕೊಟ್ಟು ಒಳಗೆ ಕೆಲಸ ಮುಗಿಸುತ್ತದೆ. ತಕ್ಷಣ ಇಸಿಜಿ ಆಗಬೇಕಿತ್ತು.

“ಅಕ್ಕಾರ, ಒಂದ್ ಗಳಿಗಿ ಒಳಗ ಬಂದು ಮಲಕೋರ್ರಿ.”

“ಬೀಗರು ನೆಲದ ಮ್ಯಾಲ ಬಿದ್ದಾರ, ನಾ ಮಂಚದ ಮ್ಯಾಲ ಮಲಗ್ಲೇನ್ರಿ? ನಾಳಿಗೆ ನನ್ನ ಮಗಳಿಗೆ ಬದುಕು ಐತಿ ಆ ಮನ್ಯಾಗ. ನಾ ಆರಾಮದೀನಿ.”

ಮೇಡಂ ಬಂದು ಹೇಳಿದರು. ಒಲ್ಲೆ. ಮಗಳು ಅತ್ತು ಹೇಳಿದಳು. ಒಲ್ಲೆ. ಬಲವಂತಕ್ಕೆ ಎಳೆದಾಡಿದರೆ ಆ ಹೃದಯಕ್ಕೆ ಮತ್ತಷ್ಟು ಭಾರ. ಆಗ ನನ್ನೊಳಗಿನ ಹಳೇ ಕಿಡಿಗೇಡಿ ಕೆಲಸಕ್ಕೆ ಬಂದ. ಮುಖ ಸಪ್ಪಗೆ ಮಾಡಿಕೊಂಡು ಅವಳ ಕಿವಿಯ ಹತ್ತಿರ ಹೇಳಿದೆ:

“ಅಕ್ಕಾರ, ಖರೇ ಅಂದ್ರ ನಿಮ್ಮ ಬೀಗತ್ಯಾರಿಗೆ ಒಂದು ಮಷೀನ್ ಹಚ್ಚಬೇಕು. ಮಷೀನ್ ಸರಿ ಐತೋ ಇಲ್ಲೋ ಅನುಮಾನ. ಮೊದಲ ಯಾರರ ಗಟ್ಟಿ ಮಂದಿಗೆ ಹಚ್ಚಿ ನೋಡಬೇಕ್ರಿ. ಬೀಗರಿಗೆ ಬಡಸೂಕಿಂತ ಮೊದಲ ಸಾರಿನ ಉಪ್ಪು ನೋಡೂದಿಲ್ಲೇನ್ರಿ, ಹಂಗ.”

“ಅದನ್ನ ಮೊದಲ ಹೇಳಬಾರದೇನ್ರಿ!” ಎಂದು ತಂಬಿಗೆ ಕೆಳಗಿಟ್ಟು, ನಮಗಿಂತ ಮುಂದೆ ಒಳಗೆ ನಡೆದಳು.

ಮಮ್ತಾಜ್ ಪರದೆ ಎಳೆದು ವೈರುಗಳನ್ನು ಹಚ್ಚಿದಳು. ಒಂದೂ ವೈರು ಜಾಗ ತಪ್ಪಲಿಲ್ಲ, ನಾನು ಕಲಿಸಿದ ಕೈ. ಕಾಗದ ಹೊರಬಂತು. ಮೇಡಂ ಅದನ್ನು ಬೆಳಕಿಗೆ ಹಿಡಿದು ನನ್ನ ಕಡೆ ನೋಡಿದರು. ಇನ್‌ಫೀರಿಯರ್ ವಾಲ್ ಎಂಐ: ಹೃದಯದ ಕೆಳಗೋಡೆಗೆ ರಕ್ತ ಒಯ್ಯುವ ನಾಳ ಮುಚ್ಚಿತ್ತು. ನಾಡಿ ನಿಧಾನವಾದದ್ದೂ ಅದಕ್ಕೇ. ಆಸ್ಪಿರಿನ್ ಅಗಿಯಲು ಕೊಟ್ಟು, ಉಳಿದ ಗುಳಿಗೆ ನುಂಗಿಸಿ, ಕೈಯ ನರಕ್ಕೆ ಐವಿ ಸೂಜಿ ಹಾಕಿದೆವು. ಆಂಬುಲೆನ್ಸ್ ಬಂದು ನಿಂತಿತು. ಗದಗಿಗೆ ತಡಮಾಡದೆ ಸಾಗಿಸಬೇಕು.

ಮೇಡಂ ಗಿರಿಜವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಅವಳು ಕೊನೆತನಕ ಕೇಳಿದಳು. ಕೇಳಿ, “ಆತ್ರಿ, ಬೀಗರು ಸುಧಾರಿಸಲಿ, ನಾಳಿಗೆ ಹೊಕ್ಕೀನಿ” ಎಂದಳು.

ಈ ಸಲ ನನ್ನ ಬತ್ತಳಿಕೆ ಖಾಲಿ. ಎಲ್ಲ ತಿಳಿದ ಮೇಲೂ ಒಲ್ಲೆ ಎನ್ನುವವರ ಮುಂದೆ ಯಾವ ಹುಡುಗಾಟ ನಡೆಯುತ್ತದೆ? ಮೇಡಂ ಮತ್ತೆ ಕೈ ಮುಗಿದು ಹೇಳುತ್ತಿದ್ದರು, ನಿಮಿಷಗಳು ಜಾರುತ್ತಿದ್ದವು. ಆಗ ಪರದೆ ಸರಿಯಿತು. ವರನ ತಾಯಿ ಶಾಂತವ್ವ, ಒಂದು ಕೈಯಲ್ಲಿ ತನ್ನದೇ ಸಲೈನ್ ಬಾಟಲಿಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಕ್ಕಾರ, ಯಾರಿಗೆ ಮರ್ಯಾದಿ ಮಾಡಾಕ ಕುಂತೀರಿ? ನಾಳಿಗೆ ನನ್ನ ಸೊಸಿ ಬಾಣಂತನಕ್ಕ ಎಲ್ಲಿ ಹೋಗಬೇಕು? ನೀವಿಲ್ಲದ ಮನಿಗೆ ಕಳಸ್ಲೇನು? ಎದ್ದು ಗಾಡಿ ಹತ್ರಿ. ಇಲ್ಲಂದ್ರ ಈ ಬಾಟ್ಲಿ ಕಿತ್ತು ಒಗದು ನಾನೂ ನಿಮ್ಮ ಸಂಗಾಟ ಬರ್ತೀನಿ.”

ಗಿರಿಜವ್ವನ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಸ್ಟ್ರೆಚರಿನ ಮೇಲೆ ತಾನಾಗಿಯೇ ಮಲಗಿದಳು.

ನಾನೂ ಆಂಬುಲೆನ್ಸಿನಲ್ಲಿ ಹೋದೆ. ವರಾಂಡದ ತುಂಬ ರೋಗಿಗಳಿದ್ದರು ನಿಜ, ಆದರೆ ಅವರು ಕೂಗಬಲ್ಲವರು. ಮೇಡಂ ಇದ್ದರು, ಜೊತೆಯ ನರ್ಸುಗಳಿದ್ದರು. ದಾರಿಯುದ್ದಕ್ಕೂ ಮಾನಿಟರ್ ಮೇಲೆ ಕಣ್ಣು, ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳು. ಒಂದು ಕಡೆ ನಾಡಿ ಇನ್ನೂ ಇಳಿಯಿತು. ಫೋನಿನಲ್ಲಿ ಮೇಡಂ ಹೇಳಿದಂತೆ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟೆ, ಮೆಲ್ಲಗೆ ಏರಿತು. ಕಣ್ಣು ಬಿಟ್ಟವಳೇ ಕೇಳಿದ್ದು, “ಬೀಗರಿಗೆ ಚಾ ಆತೇನ್ರಿ?”

“ಆತ್ರಿ. ನೀವು ಸುಮ್ ಮಲಕೋರ್ರಿ.” ಆ ಹೊತ್ತಿನಲ್ಲಿ ನನಗೆ ನಗು ಬರಲಿಲ್ಲ. ಗದಗ ಬರುವವರೆಗೂ ಬರಲಿಲ್ಲ.

ಗದಗಿನಲ್ಲಿ ನಾಳ ತೆರೆದರು. ಕೆಲವು ದಿನ ಬಿಟ್ಟು ನೋಡಲು ಹೋದೆ. ದಿಂಬಿಗೆ ಒರಗಿ ಕುಳಿತಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ನನ್ನನ್ನು ನೋಡಿದ್ದೇ ತಡ, “ಸುಳ್ಳು ಹೇಳಿ ಮಲಗಿಸಿದ್ರಲ್ಲ ಬ್ರದರ್?” ಎಂದಳು.

“ಹೌದ್ರಿ ಅಕ್ಕಾರ. ತಪ್ಪು ಅಂತೀರೇನು?”

“ತಪ್ಪಿರಲಿ ಬಿಡ್ರಿ. ಇನ್ನೊಂದು ಸುಳ್ಳು ಹೇಳ್ರಿ. ನಾ ಪೂರಾ ಆರಾಮದೀನಿ ಅಂತ ಇಲ್ಲಿ ಡಾಕ್ಟರ್‌ಗೆ ಹೇಳಿ ಮನಿಗೆ ಕಳಸ್ರಿ. ಲಗ್ನದ ಕೆಲಸ ಭಾಳ ಐತಿ.”

ಹೇಳಲಿಲ್ಲ. ಹೃದಯದ ಗಾಯ ಮಾಯಲು ವಾರಗಳು ಬೇಕು, ಗುಳಿಗೆ ತಪ್ಪಿಸುವಂತಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಪಕ್ಕದಲ್ಲಿ ಕೂತು ತಿಳಿಸಿ ಹೇಳಿದೆ. ಮೂತಿ ತಿರುವಿದಳು, ಆದರೆ ಕೇಳಿದಳು.

ಈಗ ವಾರ್ಡಿಲ್ಲ, ಕೆಟಲಿನ ಚಹಾ ಇಲ್ಲ, ಗೋಳುಹೊಯ್ದುಕೊಳ್ಳಲು ಹೊಸ ಹುಡುಗಿಯರಿಲ್ಲ. ಅದೆಲ್ಲ ನೆನಪಾದಾಗ ಬೆರಳು ತಾನಾಗಿ ನನ್ನದೇ ಮಣಿಕಟ್ಟಿಗೆ ಹೋಗುತ್ತದೆ. ನರ್ಸಿಂಗ್ ಕಲಿಯುವ ಮಕ್ಕಳು ಯಾರಾದರೂ ಸಿಕ್ಕರೆ ಇದೊಂದು ಕೇಸು ಹೇಳದೆ ಬಿಡುವುದಿಲ್ಲ. ಕೂಗಿದವರ ಕಡೆ ಯಾರು ಬೇಕಾದರೂ ಓಡುತ್ತಾರೆ. ಹತ್ತು ಜನರ ನಡುವೆ ಯಾರ ಕತೆ ಉಳಿದವರ ಕತೆಗೆ ಕೂಡುತ್ತಿಲ್ಲ ಎಂದು ನೋಡಿ. ಮಲಗಿದವರನ್ನು ನೋಡುತ್ತ, ಪಕ್ಕದಲ್ಲಿ ನಿಂತು ನೀರು ಕೊಡುವವರನ್ನೂ ಒಮ್ಮೆ ಮುಟ್ಟಿ ನೋಡಿ. ನಮ್ಮ ಕಡೆಯ ಹೆಣ್ಣುಮಕ್ಕಳು ‘ಆರಾಮದೀನಿ’ ಎನ್ನುವುದು ಮರ್ಯಾದೆಗೆ. ಅದನ್ನು ಮರ್ಯಾದೆಯಿಂದಲೇ ಕೇಳಿಸಿಕೊಂಡು, ನಂಬದೆ ನಾಡಿ ಹಿಡಿಯುವುದು ನಮ್ಮ ಕೆಲಸ.